ಪುಣೆ ಫ್ಲ್ಯಾಟಿನ ಗಡಸು ನೀರು: ದುಡ್ಡು ಸುರಿಯೋ ಮುಂಚೆ ಮಾಡಬೇಕಾದ್ದು

ಪುಣೆಯ ಅಂಚಿನ ವಾಘೋಲಿಯಲ್ಲೋ ಉಂಡ್ರಿಯಲ್ಲೋ ಫ್ಲ್ಯಾಟ್ ಹಿಡಿದ ನಮ್ಮವರದ್ದು ಕೆಲವೇ ತಿಂಗಳಲ್ಲಿ ಒಂದೇ ರಾಗ. ನಲ್ಲಿಯೆಲ್ಲ ಬಿಳಿ, ಬೇಳೆ ಬೇಯಲ್ಲ, ಕೂದಲು ಜಡೆಗಟ್ಟಿದ ಹಾಗೆ, ಒಟ್ಟಿನಲ್ಲಿ ಪುಣೆ ನೀರೇ ಸರಿಯಿಲ್ಲ ಅಂತ. ಪಾಪ, ಪುಣೆ ಕಾರ್ಪೊರೇಶನ್ ನೀರಿನ ತಪ್ಪಲ್ಲ ಅದು. ಆ ನೀರು ಬರುವ ಖಡಕ್‌ವಾಸ್ಲಾ ಅಣೆಕಟ್ಟಿಗೆ ಸೇರುವುದು ಸಹ್ಯಾದ್ರಿಯ ಮಳೆನೀರು, ಪಾನ್‌ಶೇತ್, ವರಸಗಾಂವ್ ಕಡೆಯಿಂದ ಇಳಿದು ಬಂದದ್ದು. ಅದು ಮೆದು ನೀರು. ತಕರಾರು ಇರುವುದು ಬೋರಿನದ್ದು, ಬೋರಿಂದ ತುಂಬಿಕೊಂಡು ಬರುವ ಟ್ಯಾಂಕರಿನದ್ದು. ಇಲ್ಲಿ ನೆಲದಡಿ ಕಪ್ಪು ಬಸಾಲ್ಟ್ ಬಂಡೆ. ಅದರ ಬಿರುಕಿನಲ್ಲಿ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಷಿಯಂ ಕರಗಿಸಿಕೊಂಡೇ ಮೇಲೆ ಬರುತ್ತದೆ, ಗಡಸು ನೀರು ಅಂದರೆ ಅದೇ. ವಿಜಯಪುರದ ಕಡೆಯವರಿಗೆ ಇದನ್ನೇನೂ ಹೇಳಿಕೊಡಬೇಕಿಲ್ಲ, ಅಲ್ಲೂ ಅದೇ ಬಂಡೆ, ಅದೇ ಸವುಳು ನೀರು. ವಾಘೋಲಿ ಪುಣೆ ಕಾರ್ಪೊರೇಶನ್‌ಗೆ ಸೇರಿದ್ದೇ 2021ರಲ್ಲಿ. ಹೀಗೆ ತಡವಾಗಿ ಸೇರಿದ ಹಳ್ಳಿಗಳಲ್ಲಿ ಟ್ಯಾಂಕರ್ ಓಡಾಟ ಇನ್ನೂ ನಿಂತಿಲ್ಲ.

ಹಾಗಾಗಿ ಮೊದಲ ಕೆಲಸ ಸಾಫ್ಟ್‌ನರ್, ಅಂದರೆ ನೀರು ಮೆದು ಮಾಡುವ ಮೆಷಿನ್, ಖರೀದಿ ಅಲ್ಲ. ಸೊಸೈಟಿಯ ಪ್ಲಂಬರನ್ನೋ ವಾಚ್‌ಮನ್ನನ್ನೋ ಹಿಡಿದು ಕೇಳಿ: ಯಾವ ನಲ್ಲಿಗೆ ಯಾವ ನೀರು? ಮರಾಠಿಯಲ್ಲಿ ‘ಬೋರ್‌ಚ ಕೀ ಕಾರ್ಪೊರೇಶನ್‌ಚ?’ (ಬೋರಿನದ್ದೋ ಕಾರ್ಪೊರೇಶನ್ನಿನದ್ದೋ) ಅಂದರೆ ಸಾಕು, ಅವರಿಗೆ ಗೊತ್ತಾಗುತ್ತದೆ. ಎಷ್ಟೋ ಕಡೆ ಅಡುಗೆಮನೆಯ ಒಂದು ನಲ್ಲಿಗೆ ಕಾರ್ಪೊರೇಶನ್ ನೀರು ಬೇರೆಯಾಗಿ ಬರುತ್ತಿರುತ್ತದೆ, ಮನೆಯವರಿಗೇ ಗೊತ್ತಿರಲ್ಲ. ಇನ್ನು ಕೆಲವು ಕಡೆ ಎಲ್ಲವನ್ನೂ ಕೆಳಗಿನ ಒಂದೇ ಟ್ಯಾಂಕಿಗೆ ಸುರಿದು ಬೆರೆಸುತ್ತಾರೆ. ಆಗ ದಿನದಿನಕ್ಕೂ ನೀರು ಬದಲು.

ಆಮೇಲೆ ಪರೀಕ್ಷೆ. ಒಂದೇ ಅಳತೆಯ ಎರಡು ಬಾಟಲಿ ತಗೊಳ್ಳಿ, ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಆರ್‌ಒ ನೀರು. ಎರಡಕ್ಕೂ ಮೈಸೋಪಿನ ಸಣ್ಣ ಚೂರು ಸಮನಾಗಿ ಹಾಕಿ ಚೆನ್ನಾಗಿ ಕುಲುಕಿ. ಗಡಸು ನೀರಿನಲ್ಲಿ ನೊರೆ ಏಳುವ ಬದಲು ಹಾಲು ಒಡೆದ ಹಾಗೆ ಬಿಳಿ ಕೆನೆ ತೇಲುತ್ತದೆ. ಬಟ್ಟೆ ಪುಡಿ, ಶಾಂಪೂ ಹಾಕಿ ನೋಡಬೇಡಿ, ಅವು ಗಡಸು ನೀರಿನಲ್ಲೂ ನೊರೆ ಕೊಡುತ್ತವೆ. ನಿಖರವಾಗಿ ಬೇಕಾದರೆ ಹನಿ ಲೆಕ್ಕದ ಹಾರ್ಡ್‌ನೆಸ್ ಕಿಟ್ ಸಿಗುತ್ತದೆ: ನೀರಿಗೆ ಬಣ್ಣ ಹಾಕಿದರೆ ಕೆಂಪಾಗುತ್ತದೆ, ಅದು ನೀಲಿಗೆ ತಿರುಗುವ ತನಕ ದ್ರಾವಣದ ಹನಿ ಎಣಿಸುತ್ತಾ ಹೋಗುವುದು, ಅಷ್ಟೇ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ನಡೆಯುತ್ತದೆ. ಸೇಲ್ಸ್‌ನವರು ತಂದು ಅದ್ದುವ ಟಿಡಿಎಸ್ ಪೆನ್ನು ಇದನ್ನು ಹೇಳಲ್ಲ. ಅದು ಕರಗಿದ್ದೆಲ್ಲವನ್ನೂ ಸೇರಿಸಿ ಅಂದಾಜು ತೋರಿಸುತ್ತದೆ, ಅದರಲ್ಲಿ ಗಡಸುತನ ಎಷ್ಟು ಅನ್ನೋದು ಗೊತ್ತಾಗಲ್ಲ.

ಮನೆಯಲ್ಲಿ ಜಾಸ್ತಿ ಪೆಟ್ಟು ತಿನ್ನುವುದು ಗೀಸರ್. ನೀರು ಕಾದಷ್ಟೂ ಸುಣ್ಣ ಬೇಗ ಕೂರುತ್ತದೆ. ಕಾಯಿಲ್ ಮೇಲೆ ಪದರ ಕಟ್ಟಿದ ಗೀಸರ್ ಚಟಪಟ ಅನ್ನುತ್ತದೆ, ನೀರು ಕಾಯಲು ತಡವಾಗುತ್ತದೆ, ಕರೆಂಟ್ ಬಿಲ್ ಏರುತ್ತದೆ, ಕೊನೆಗೆ ಕಾಯಿಲ್ ಸುಟ್ಟೇ ಹೋಗುತ್ತದೆ. ಥರ್ಮೋಸ್ಟಾಟ್ ತಿರುಗಿಸುವಂಥದ್ದಾದರೆ 50-55 ಡಿಗ್ರಿಗೆ ಇಳಿಸಿ. ವರ್ಷಕ್ಕೊಮ್ಮೆ ಮೆಕ್ಯಾನಿಕ್ ಕರೆಸಿ ಬಿಚ್ಚಿಸಿ, ಟ್ಯಾಂಕ್ ತೊಳೆಸಿ. ಒಳಗಿರುವ ಮೆಗ್ನೀಷಿಯಂ ಕಡ್ಡಿಯನ್ನೂ ನೋಡಲು ಹೇಳಿ, ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವುದೇ ಅದರ ಕೆಲಸ. ಅದು ಕರಗಿ ತಂತಿಯಷ್ಟೇ ಉಳಿದಿದ್ದರೆ ಬದಲಿಸಿ. ಹೊಸ ಗೀಸರ್‌ಗಿಂತ ಎಷ್ಟೋ ಅಗ್ಗ.

ನಲ್ಲಿ, ಶವರ್ ಸುಲಭ. ಕಿರಾಣಿ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆ್ಯಸಿಡ್, ಅಂದರೆ ಲಿಂಬು ಸತ್ವ, ಒಂದು ಲೀಟರ್ ಬಿಸಿ ನೀರಿಗೆ ಒಂದು ದೊಡ್ಡ ಚಮಚ. ನಲ್ಲಿ ಬಾಯಿಯ ಜಾಲರಿ ಬಿಚ್ಚಿ ಅದರಲ್ಲಿ ಅರ್ಧ ಗಂಟೆ ನೆನೆಹಾಕಿ, ಹಳೇ ಹಲ್ಲುಜ್ಜೋ ಬ್ರಷ್‌ನಿಂದ ಉಜ್ಜಿ. ಬಿಚ್ಚಲು ಬರದ ಶವರ್‌ಗೆ ಪ್ಲಾಸ್ಟಿಕ್ ಚೀಲದಲ್ಲಿ ಅದೇ ನೀರು ತುಂಬಿ, ಆರಿದ ಮೇಲೆ, ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ. ಕೆಟಲ್‌ಗೂ ಅದೇ ಮದ್ದು. ಆದರೆ ಕಡಪಾ ಕಲ್ಲಿನ ಅಡುಗೆಕಟ್ಟೆ, ಮಾರ್ಬಲ್, ಕೋಟಾ ಕಲ್ಲಿನ ಮೇಲೆ ಒಂದು ಹನಿಯೂ ಬೀಳಬಾರದು. ಅವೂ ಸುಣ್ಣದ ಜಾತಿಯವೇ, ಹೊಳಪು ಹೋದರೆ ಪಾಲಿಶ್ ಮಾಡಿಸದೆ ಮತ್ತೆ ಬರಲ್ಲ. ಬಾತ್‌ರೂಮಿಗೆ ಅಂತ ಮಾರುವ ಕಟು ಆ್ಯಸಿಡ್ ಬೇಡವೇ ಬೇಡ. ಯಾವ ಆ್ಯಸಿಡ್ಡನ್ನೂ ಬ್ಲೀಚಿಂಗ್ ಪೌಡರ್ ಜೊತೆ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಾತ್‌ರೂಮಿನಲ್ಲಿ ಜೀವಕ್ಕೇ ಅಪಾಯ.

ಬಟ್ಟೆಗೆ: ಬಕೆಟ್ ನೀರಿಗೆ ಮೊದಲು ವಾಷಿಂಗ್ ಸೋಡಾ, ಆಮೇಲೆ ಪುಡಿ. ಪುಡಿ ಕಡಿಮೆ ಸಾಕಾಗುತ್ತದೆ.

ಬೇಳೆ ವಿಷಯಕ್ಕೆ ಬರೋಣ. ತೊಗರಿಬೇಳೆ ಎಷ್ಟು ಸೀಟಿ ಕೂಗಿಸಿದರೂ ಕಾಳುಕಾಳಾಗಿಯೇ ಉಳಿದರೆ ಬೇಳೆ ಹಳೆಯದು ಅಂತ ಅಂಗಡಿಯವನ ಮೇಲೆ ಹೋಗಬೇಡಿ, ಕ್ಯಾಲ್ಸಿಯಂ ಬೇಳೆಯನ್ನು ಹಿಡಿದಿಡುವ ಪೆಕ್ಟಿನ್ ಅನ್ನೋ ಅಂಟಿಗೆ ಸೇರಿಕೊಂಡು ಗಟ್ಟಿ ಮಾಡಿರಬಹುದು. ನೆನೆಸಲು, ಬೇಯಿಸಲು ಎರಡಕ್ಕೂ ಕಾರ್ಪೊರೇಶನ್ ನೀರೋ ಆರ್‌ಒ ನೀರೋ ಬಳಸಿ. ಟೊಮ್ಯಾಟೊ, ಹುಣಸೆಹುಳಿ ಬೆಂದ ಮೇಲೆಯೇ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಗ ಬೇಯುತ್ತದೆ ನಿಜ, ಆದರೆ ಬಿ1 ಜೀವಸತ್ವ ಹಾಳಾಗುತ್ತದೆ.

ತಲೆಸ್ನಾನಕ್ಕೆ ಕೊನೆಯ ಎರಡು ಚೊಂಬು ಮೆದು ನೀರು ಹಾಕಿಕೊಂಡರೆ ಕೂದಲಿನ ಒರಟುತನ ಕಡಿಮೆಯಾಗುತ್ತದೆ. ಕೂದಲು ಗೊಂಚಲುಗಟ್ಟಲೆ ಉದುರುತ್ತಿದ್ದರೆ ಮಾತ್ರ ನೀರನ್ನು ಬೈಯುತ್ತ ಕೂರಬೇಡಿ, ಥೈರಾಯ್ಡ್, ರಕ್ತಹೀನತೆ ಪರೀಕ್ಷೆ ಮಾಡಿಸಿ. ಶವರ್‌ಗೆ ಸಿಕ್ಕಿಸುವ ಪುಟ್ಟ ಫಿಲ್ಟರ್ ಕೊಳ್ಳುವ ಮುಂಚೆ ಅದಕ್ಕೆ ಹೋಗುವ ನೀರು, ಅದರಿಂದ ಬರುವ ನೀರು ಎರಡನ್ನೂ ಹನಿ ಕಿಟ್‌ನಲ್ಲಿ ಅಳೆದು ನೋಡಿ. ಅಷ್ಟು ಸಣ್ಣ ಡಬ್ಬಿಗೆ ಅಷ್ಟು ನೀರನ್ನು ಮೆದು ಮಾಡುವ ಶಕ್ತಿ ಎಲ್ಲಿಂದ ಬರಬೇಕು?

ಆರ್‌ಒ ಬೋರ್ ನೀರಿಗೆ ಸರಿ. ಕಾರ್ಪೊರೇಶನ್ ನೀರಿಗೆ ಸುಮ್ನೆ ದಂಡ. ಟಿಡಿಎಸ್ (ನೀರಲ್ಲಿ ಕರಗಿದ್ದೆಲ್ಲದರ ಲೆಕ್ಕ) ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವ ಕಡೆ ಆರ್‌ಒ ನಿಷೇಧಿಸಿ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೇ 2019ರಲ್ಲಿ ಸರ್ಕಾರಕ್ಕೆ ಹೇಳಿತ್ತು. ಆರ್‌ಒ ಹೊರಹಾಕುವ ನೀರು ಇನ್ನೂ ಗಡಸು. ಟಾಯ್ಲೆಟ್‌ಗೆ ಸುರಿಯಿರಿ, ಕುಂಡದ ಗಿಡಕ್ಕೆ ಬೇಡ.

ಇಡೀ ಕಟ್ಟಡಕ್ಕೆ ಬೋರ್ ನೀರೇ ಗತಿ ಅಂತಾದರೆ ಸೊಸೈಟಿಯೇ ಒಂದು ದೊಡ್ಡ ಸಾಫ್ಟ್‌ನರ್ ಹಾಕಿಸುವುದು ವಾಸಿ. ಒಳಗಿನ ರೆಸಿನ್ ಅನ್ನೋ ಸಣ್ಣ ಮಣಿಗಳ ರಾಶಿ ಕ್ಯಾಲ್ಸಿಯಂ ಹಿಡಿದಿಟ್ಟು ಸೋಡಿಯಂ ಬಿಡುತ್ತದೆ, ಅದಕ್ಕೆ ಆಗಾಗ ಉಪ್ಪುನೀರು ಹಾಯಿಸಿದರೆ ಮಾತ್ರ ಮತ್ತೆ ಕೆಲಸ. ಉಪ್ಪು ಮುಗಿದಿದ್ದು ಯಾರಿಗೂ ಗೊತ್ತಾಗಲ್ಲ, ಮೆಷಿನ್ ನಿಂತಿರುತ್ತದೆ, ಮೆಂಟೆನೆನ್ಸ್ ದುಡ್ಡು ಮಾತ್ರ ತಿಂಗಳು ತಿಂಗಳು ಹೋಗುತ್ತಿರುತ್ತದೆ. ಉಪ್ಪು ಯಾವತ್ತು ಹಾಕಿದರು, ಅಂದಿನ ಹನಿ ಲೆಕ್ಕ ಎಷ್ಟು ಅಂತ ಗೇಟಿನಲ್ಲಿ ಒಂದು ರಿಜಿಸ್ಟರ್ ಇಡಿಸಿ. ಸಾಫ್ಟ್‌ನರ್ ನೀರಿಗೆ ಸೋಡಿಯಂ ಸೇರಿರುವುದರಿಂದ ಬಿಪಿ ಇರುವವರು ಅದನ್ನು ಕುಡಿಯಲು ಬಳಸದಿರುವುದು ಒಳ್ಳೆಯದು. ಏಪ್ರಿಲ್-ಮೇ ಬಂತೆಂದರೆ ಟ್ಯಾಂಕರಿನವರು ಬಾವಿ ಬದಲಿಸುತ್ತಾರೆ. ಆಗ ಕಿಟ್ ಹೊರಗೆ ತೆಗೆದು ಇನ್ನೊಮ್ಮೆ ಹನಿ ಎಣಿಸಿ, ಲೆಕ್ಕ ಏರಿದ್ದರೆ ಆ ವಾರವೇ ಕಮಿಟಿಯವರಿಗೆ ತೋರಿಸಿ.