ಕೂದಲು ತೆಳ್ಳಗಾಗುತ್ತಿದೆಯಾ? ಮಾತ್ರೆ ಡಬ್ಬಿಗೆ ಮೊದಲು ತಟ್ಟೆ ನೋಡಿ

ಬೈತಲೆ ಅಗಲವಾಗುತ್ತಿದೆ. ನೆತ್ತಿ ಕಾಣಿಸುತ್ತಿದೆ. ಎಣ್ಣೆ, ಶಾಂಪೂ ಎಲ್ಲ ಬದಲಾಯಿಸಿ ಆಯಿತು. ಜೊತೆಗೆ ಸೊಂಟದ ಸುತ್ತ ಬೊಜ್ಜು, ಕತ್ತಿನ ಹಿಂದೆ ಮಖಮಲ್ಲಿನಂತೆ ದಪ್ಪಗೆ ಕಪ್ಪಾದ ಚರ್ಮ, ಅಲ್ಲಲ್ಲಿ ನರುಳ್ಳೆ. ಇವೆಲ್ಲ ಒಟ್ಟಿಗೇ ಇದ್ದರೆ ಇನ್ಸುಲಿನ್ ಪ್ರತಿರೋಧ ಇರಬಹುದು.

ಒಳಗೆ ಆಗೋದು ಇಷ್ಟು. ಜೀವಕೋಶಗಳು ಇನ್ಸುಲಿನ್ ಮಾತು ಕೇಳುವುದಿಲ್ಲ. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಹೆಂಗಸರಲ್ಲಿ ಇದು ಅಂಡಾಶಯವನ್ನು ಕೆಣಕಿ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು ಜಾಸ್ತಿ ಮಾಡಿಸುತ್ತದೆ. ಆ ಹಾರ್ಮೋನನ್ನು ರಕ್ತದಲ್ಲಿ ಕಟ್ಟಿಹಾಕುವ ಪ್ರೋಟೀನ್ ಲಿವರ್‌ನಲ್ಲಿ ಕಡಿಮೆ ತಯಾರಾಗುತ್ತದೆ. ಹೀಗೆ ಕಟ್ಟಿಲ್ಲದೆ ಓಡಾಡುವ ಟೆಸ್ಟೋಸ್ಟೆರಾನ್ ಕೂದಲ ಬುಡದಲ್ಲಿ ಡಿಎಚ್‌ಟಿ ಎಂಬ ಇನ್ನೂ ಪ್ರಬಲ ಹಾರ್ಮೋನು ಆಗುತ್ತದೆ. ಅದಕ್ಕೆ ಸೂಕ್ಷ್ಮವಾಗಿರುವ ಬುಡಗಳು ವರ್ಷ ಕಳೆದಂತೆ ಕುಗ್ಗುತ್ತವೆ. ಪಿಸಿಓಎಸ್, ಅಂದರೆ ಅಂಡಾಶಯದ ಹಾರ್ಮೋನು ಏರುಪೇರಿನ ತೊಂದರೆ, ಇರುವವರಲ್ಲಿ ಇದು ಹೆಚ್ಚು. ಗಂಡಸರ ಬೋಳುತಲೆಗೂ ಇನ್ಸುಲಿನ್‌ಗೂ ನಂಟು ಕಂಡಿದೆ, ಆದರೆ ಇದೇ ಕಾರಣ ಎಂದು ಬೆರಳು ತೋರಿಸುವಷ್ಟು ಪುರಾವೆ ಇಲ್ಲ.

ಮೊದಲು ರಕ್ತಪರೀಕ್ಷೆ

ಊಹೆಯ ಮೇಲೆ ಏನನ್ನೂ ಶುರುಮಾಡಬೇಡಿ. ಖಾಲಿಹೊಟ್ಟೆಯ ಸಕ್ಕರೆ 100ರಿಂದ 125 ಅಥವಾ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಶೇ 5.7ರಿಂದ 6.4 ಇದ್ದರೆ ಮಧುಮೇಹದ ಹೊಸ್ತಿಲಲ್ಲಿದ್ದೀರಿ ಎಂದರ್ಥ. ಸಕ್ಕರೆ ಸರಿಯಿದ್ದೂ ಇನ್ಸುಲಿನ್ ಮಾತ್ರ ಏರಿರುವವರೂ ಇದ್ದಾರೆ. ಹಾಗಾಗಿ ಲಕ್ಷಣಗಳನ್ನೂ ವೈದ್ಯರಿಗೆ ಬಿಡಿಸಿ ಹೇಳಿ. ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಥೈರಾಯ್ಡ್, ವಿಟಮಿನ್ ಡಿ, ಬಿ12 ಪರೀಕ್ಷೆ ಬೇಕಾ ಎಂದೂ ಕೇಳಿ. ಕಬ್ಬಿಣದ ಕೊರತೆಯಿಂದ ಉದುರುವ ಕೂದಲಿಗೆ ಸಕ್ಕರೆ ಬಿಟ್ಟರೆ ಏನು ಪ್ರಯೋಜನ, ಅಲ್ವಾ?

ಆಮೇಲೆ ತಟ್ಟೆ

ಮೊದಲು ಕೈಬಿಡಬೇಕಾದ್ದು ಕುಡಿಯುವ ಸಕ್ಕರೆ. ಒಂದು ತಂಪು ಪಾನೀಯದ ಡಬ್ಬಿ ತಿರುಗಿಸಿ ಲೇಬಲ್ ಓದಿ. 100 ಮಿಲಿಗೆ 10.6 ಗ್ರಾಂ ಸಕ್ಕರೆ ಎಂದಿದ್ದರೆ, 330 ಮಿಲಿ ಡಬ್ಬಿಯಲ್ಲಿ 35 ಗ್ರಾಂ ಆಯಿತು. ಅಂದರೆ ಹತ್ತಿರ ಹತ್ತಿರ ಒಂಬತ್ತು ಚಮಚ! ಇಡೀ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಣ್ಣಿನ ರಸವೂ ಇದೇ ಲೆಕ್ಕಕ್ಕೆ ಸೇರುತ್ತದೆ. ಹಣ್ಣನ್ನು ಹಣ್ಣಾಗಿಯೇ ತಿನ್ನಿ.

ಇನ್ನು ಊಟ. ಅರ್ಧ ತಟ್ಟೆ ತರಕಾರಿ, ಕಾಲು ಭಾಗ ಕಾಳು, ಬೇಳೆ, ಮೊಟ್ಟೆ ಅಥವಾ ಮೀನು, ಉಳಿದ ಕಾಲು ಭಾಗ ತೌಡು ತೆಗೆಯದ ಧಾನ್ಯ. ತಿನ್ನುವ ಕ್ರಮವನ್ನೂ ಬದಲಿಸಿ ನೋಡಿ. ತರಕಾರಿ ಮೊದಲು, ಆಮೇಲೆ ಪ್ರೋಟೀನ್, ಧಾನ್ಯ ಕೊನೆಗೆ. ತಟ್ಟೆಯಲ್ಲಿರುವುದು ಅದೇ ಊಟ, ಆದರೂ ರಕ್ತದಲ್ಲಿ ಸಕ್ಕರೆ ಅಷ್ಟು ಜೋರಾಗಿ ಏರುವುದಿಲ್ಲ. ನನ್ನನ್ನು ಕೇಳಿದರೆ, ಇದರಷ್ಟು ಸುಲಭದ ಬದಲಾವಣೆ ಬೇರೆ ಇಲ್ಲ.

ಉಪವಾಸ ಬಿದ್ದು ತೂಕ ಇಳಿಸಲು ಮಾತ್ರ ಹೋಗಬೇಡಿ, ದಯವಿಟ್ಟು. ಏಕಾಏಕಿ ಊಟ ಕಡಿಮೆ ಮಾಡಿದರೆ ಎರಡು ಮೂರು ತಿಂಗಳಿಗೆ ಕೂದಲು ಗೊಂಚಲು ಗೊಂಚಲಾಗಿ ಬರುತ್ತದೆ. ಉಳಿಸಿಕೊಳ್ಳಲು ಹೊರಟವರು ಹೀಗೇ ಕಳೆದುಕೊಳ್ಳುತ್ತಾರೆ. ಪ್ರೋಟೀನ್ ಎಂದೂ ಕಡಿಮೆಯಾಗಬಾರದು.

ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆಯಿರಿ. ದುಡಿಯುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ಸಕ್ಕರೆ ಎಳೆದುಕೊಳ್ಳುತ್ತದೆ. ಅಮೆರಿಕದ ಒಂದು ದೊಡ್ಡ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. ತೂಕದಲ್ಲಿ ಶೇ 7 ಇಳಿಕೆ, ವಾರಕ್ಕೆ 150 ನಿಮಿಷದ ವ್ಯಾಯಾಮ, ಇಷ್ಟೇ ಗುರಿ. ಹೊಸ್ತಿಲಲ್ಲಿದ್ದವರು ಮಧುಮೇಹಕ್ಕೆ ಜಾರುವುದು ಶೇ 58ರಷ್ಟು ತಗ್ಗಿತು. ನಿದ್ದೆಯನ್ನೂ ಕದಿಯಬೇಡಿ.

ಪೂರಕ ಮಾತ್ರೆ ಕೊನೆಗೆ

ಕೊರತೆ ಇದ್ದದ್ದನ್ನು ತುಂಬಿಸಿಕೊಳ್ಳಿ, ಇಲ್ಲದ್ದಕ್ಕೆ ಸುಮ್ನೆ ನುಂಗಬೇಡಿ. ಫೆರಿಟಿನ್ ಕಡಿಮೆಯಿದ್ದರೆ ವೈದ್ಯರು ಹೇಳಿದಷ್ಟು ಕಬ್ಬಿಣ. ಅದನ್ನು ಚಹಾ, ಕಾಫಿ ಜೊತೆ ತಗೊಂಡರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ವಿಟಮಿನ್ ಡಿ ಕೂಡ ಕೊರತೆ ಇದ್ದರೆ ಮಾತ್ರ. ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಟ್ಟಲೆ ತಗೊಳ್ಳುತ್ತಿರುವವರಿಗೆ ಬಿ12 ಕುಸಿಯಬಹುದು, ಅದರ ಮೇಲೆ ಕಣ್ಣಿರಲಿ.

ಪಿಸಿಓಎಸ್ ಇರುವವರು ಇನ್ಸುಲಿನ್ ಕೆಲಸಕ್ಕೆ ನೆರವಾಗಲೆಂದು ಕೊಡುವ ಮಯೋ-ಇನೋಸಿಟಾಲ್ ಹೆಸರು ಕೇಳಿರುತ್ತೀರಿ. ಸಾಮಾನ್ಯವಾಗಿ ದಿನಕ್ಕೆ 4 ಗ್ರಾಂ ಕೊಡುತ್ತಾರೆ. ತೊಂದರೆ ಕಡಿಮೆ, ಆದರೆ ಕೂದಲು ಬೆಳೆಸುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಗಿಡಗಳಿಂದ ತೆಗೆಯುವ ಬರ್ಬೆರಿನ್ ಸಕ್ಕರೆ ಇಳಿಸುತ್ತದೆ, ನಿಜ. ಆದರೆ ಹೊಟ್ಟೆ ಕೆಡಿಸಬಹುದು, ಬೇರೆ ಔಷಧಿಗಳ ಜೊತೆ ತಾಕಲಾಟಕ್ಕೆ ಇಳಿಯಬಹುದು. ಗರ್ಭಿಣಿಯರು, ಹಾಲುಣಿಸುವವರು ಮುಟ್ಟಲೇಬಾರದು.

ಬಯೋಟಿನ್ ಎಂಬ ಬಿ ವಿಟಮಿನ್ ಬಗ್ಗೆ ಒತ್ತಿ ಹೇಳಬೇಕು. ಅದರ ಕೊರತೆ ತೀರಾ ಅಪರೂಪ. ಆದರೆ ದೊಡ್ಡ ಡೋಸು ಥೈರಾಯ್ಡ್ ಪರೀಕ್ಷೆಯನ್ನೂ ಹೃದಯಾಘಾತ ಪತ್ತೆಮಾಡುವ ಟ್ರೋಪೋನಿನ್ ಪರೀಕ್ಷೆಯನ್ನೂ ತಪ್ಪು ತೋರಿಸಬಲ್ಲದು. ತಗೊಳ್ಳುತ್ತಿದ್ದರೆ ರಕ್ತ ಕೊಡುವ ಮುಂಚೆ ಹೇಳಿ. ಇನ್ನು ವಿಟಮಿನ್ ಎ, ಸೆಲೆನಿಯಂ ಜಾಸ್ತಿಯಾದರೆ ಅವೇ ಕೂದಲು ಉದುರಿಸುತ್ತವೆ. ‘ಕೂದಲಿಗೆ’ ಎಂದು ಮಾರುವ ಮಾತ್ರೆಗಳಲ್ಲೂ ಇವು ಇರುತ್ತವೆ, ಲೇಬಲ್ ನೋಡಿ.

ಫೋಟೊ ತೆಗೆದಿಡಿ

ಬಾಚಣಿಗೆಯಲ್ಲಿ ಸಿಕ್ಕಿದ್ದನ್ನು ಎಣಿಸುತ್ತಾ ಕೂರಬೇಡಿ. ದಿನಕ್ಕೆ 50ರಿಂದ 100 ಕೂದಲು ಯಾರಿಗಾದರೂ ಉದುರುತ್ತವೆ. ಅದರ ಬದಲು ತಿಂಗಳಿಗೊಮ್ಮೆ, ಅದೇ ಬೆಳಕಲ್ಲಿ, ಒಣಗಿದ ಕೂದಲಿನ ಬೈತಲೆಯ ಫೋಟೊ ತೆಗೆದಿಡಿ. ಕೂದಲು ಬೆಳೆಯುವುದೇ ತಿಂಗಳಿಗೆ ಒಂದು ಸೆಂಟಿಮೀಟರ್‌ನಷ್ಟು. ಆರು ತಿಂಗಳಾದರೂ ಬೇಕು. ಅಷ್ಟರಲ್ಲಿ ಬೈತಲೆ ಇನ್ನೂ ಅಗಲವಾಗುತ್ತಿದ್ದರೆ ಫೋಟೊಗಳ ಸಮೇತ ಚರ್ಮರೋಗ ತಜ್ಞರನ್ನು ಕಾಣಿ. ಕುಗ್ಗಿದ ಬುಡಗಳಿಗೆ ಮಿನಾಕ್ಸಿಡಿಲ್‌ನಂಥ ಔಷಧಿ ಬೇಕಾಗಬಹುದು. ಅದನ್ನು ಬೇಗ ಶುರುಮಾಡಿದಷ್ಟೂ ಉಳಿಯುವ ಕೂದಲು ಜಾಸ್ತಿ.