ಗೇಮ್ ಡ್ರಮ್ಮಿನ ಸವೆದ ಕೋಲಿಗೆ ಏನು ಮಾಡಿದೆ

ರಾಕ್ ಬ್ಯಾಂಡ್ 2007ರ ವಿಡಿಯೋ ಗೇಮ್, ಹಾಡಿಗೆ ತಕ್ಕಂತೆ ಆಟದ ಡ್ರಮ್ಮಿನ ಪ್ಯಾಡುಗಳಿಗೆ ಕೋಲಿನಿಂದ ಹೊಡೆಯಬೇಕು. ಹಳೆಯದಾದರೂ ಮಗಳು ಬಿಡುವುದಿಲ್ಲ. ಅದರ ಡ್ರಮ್ ಕೋಲುಗಳ ತುದಿ ಮಾತ್ರ ಹಲ್ಲುಜ್ಜಿದ ಬೇವಿನ ಕಡ್ಡಿಯ ಹಾಗೆ ಎಳೆ ಎಳೆಯಾಗಿತ್ತು. ಸಿಬಿರು ಪ್ಯಾಡಿನ ರಬ್ಬರನ್ನೂ ಗೀರುತ್ತಿತ್ತು, ನನಗೆ ಅದೇ ಚಿಂತೆ. ಕೋಲಾದರೆ ಸಿಗುತ್ತದೆ, ಈ ಪ್ಯಾಡನ್ನು ಮೈಸೂರಿನಲ್ಲಿ ಎಲ್ಲಿ ಅಂತ ಹುಡುಕೋದು?

ಹಿಡಿಯುವ ಕಡೆ ಬೆವರಿನ ಅಂಟಿತ್ತು. ಸೋಪು ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿದೆ. ಕೋಲನ್ನೇ ನೆನೆಸಬಾರದು, ಮರ ಉಬ್ಬಿ ಬಾಗುತ್ತದೆ. ನೆರಳಲ್ಲಿ ಒಣಗಿಸಿ, 220 ನಂಬರಿನ ಉಪ್ಪು ಕಾಗದದಿಂದ ಮರದ ಎಳೆ ಹೋದ ಕಡೆಗೇ ಉಜ್ಜಿದೆ. ಅಡ್ಡಡ್ಡ ಉಜ್ಜಿದರೆ ಗೀರು ಬೀಳುತ್ತದೆ. ಒಂದು ಕೋಲು ನುಣುಪಾಯಿತು.

ಇನ್ನೊಂದರ ಕುತ್ತಿಗೆಯಲ್ಲಿ ಬಿರುಕಿತ್ತು. ಅದಕ್ಕೆ ಟೇಪ್ ಸುತ್ತೋದು ಸುಮ್ನೆ ದಂಡ. ಹೊಡೆಯುವಾಗ ಮುರಿದು ಮುಖಕ್ಕೆ ಹಾರಿದರೆ?

ಆಟದ ಕಂಪನಿಯ ಕೋಲೇ ಬೇಕು ಅಂತೇನಿಲ್ಲ. ಏಟು ಗುರುತಿಸುವ ಸೆನ್ಸರ್ ಇರುವುದು ಪ್ಯಾಡಿನೊಳಗೆ ಅಲ್ವಾ, ಕೋಲು ಬರೀ ಮರ. ದೇವರಾಜ ಅರಸು ರಸ್ತೆ ಕಡೆ ಒಂದು ವಾದ್ಯದ ಅಂಗಡಿಯಲ್ಲಿ 5ಎ ಅಳತೆಯ, ಅಂದರೆ ಮಧ್ಯಮ ದಪ್ಪದ, ಹಿಕರಿ ಅನ್ನೋ ಗಟ್ಟಿ ಮರದ ಕೋಲು ಜೋಡಿ ತಂದೆ. ಸುಮಾರು 16 ಇಂಚು ಉದ್ದ. ನೈಲಾನ್ ತುದಿಯದನ್ನೇ ಕೇಳಿ ತಗೊಂಡೆ, ಸಿಬಿರು ಏಳುವುದಿಲ್ಲ. ಆ ನೈಲಾನ್ ಟೋಪಿ ಸಡಿಲವಾಗಿದೆಯಾ ಅಂತ ಆಗಾಗ ತಿರುಗಿಸಿ ನೋಡಬೇಕು. ಉಜ್ಜಿದ ಕೋಲು ಸ್ಪೇರ್‌ಗೆ ಇರಲಿ ಅಂತ ಇಟ್ಟಿದ್ದೇನೆ.