ಹೊಸಬರಿಗೆ ಮಾರ್ಗದರ್ಶಿ: ಡೋಂಟ್, ಕಾಂಟ್, ವೋಂಟ್

ಕಾರವಾರಕ್ಕೆ ಬಂದ ಮೊದಲ ವಾರ ಭಾಷೆಯ ತೊಂದರೆ ಅಷ್ಟಾಗಿ ಗೊತ್ತಾಗುವುದಿಲ್ಲ. ರವಿವಾರದ ಸಂತೆಯಲ್ಲಿ ಕನ್ನಡ ನಡೆಯುತ್ತದೆ, ಕೊಂಕಣಿಯ ನಾಲ್ಕು ಮಾತು ಕಲಿತರೆ ಇನ್ನೂ ಸಲೀಸು. ತೊಂದರೆ ಶುರುವಾಗುವುದು ಮನೆಯ ಮೆಟ್ಟಿಲಲ್ಲಿ. ಮಲ್ಲಾಪುರದ ಕೈಗಾ ಟೌನ್‌ಶಿಪ್ ಇರಲಿ, ಅರಗಾ ನೌಕಾನೆಲೆಯ ಕಾಲನಿ ಇರಲಿ, ಪಕ್ಕದ ಮನೆಯವರು ಕೇರಳದವರೋ ಒಡಿಶಾದವರೋ ಆಗಿರುತ್ತಾರೆ. ಮಾತು ಅರ್ಧ ಹಿಂದಿ, ಅರ್ಧ ಇಂಗ್ಲಿಷ್.

"ನಾವು ಶಾಲೆಯಲ್ಲಿ ಓದಿದ ಇಂಗ್ಲಿಷೇ ಇದಲ್ಲ" ಅಂತ ಹಾವೇರಿ, ಗದಗ ಕಡೆಯಿಂದ ಬಂದ ಅಕ್ಕಂದಿರು ನಮ್ಮ ಸಂಘಕ್ಕೆ ಬಂದಾಗ ಹೇಳುತ್ತಾರೆ. ಓದಿದ್ದು ಅದೇ ಇಂಗ್ಲಿಷ್. ಪುಸ್ತಕದಲ್ಲಿ 'ಐ ಡು ನಾಟ್ ನೋ' ಅಂತ ಇದ್ದದ್ದು ಬಾಯಲ್ಲಿ 'ಐ ಡೋಂಟ್ ನೋ' ಆಗಿದೆ, ಅಷ್ಟೇ.

ನಾವೂ ಹಾಗೇ ಅಲ್ವಾ? ಬರೆಯುವಾಗ 'ಬರುತ್ತದೆ'. ಮಾತಾಡುವಾಗ ಇಲ್ಲಿ ಕರಾವಳಿಯಲ್ಲಿ 'ಬರ್ತದೆ', ಧಾರವಾಡದ ಕಡೆ 'ಬರ್ತೈತಿ', ಮೈಸೂರಿನಲ್ಲಿ 'ಬರತ್ತೆ'. 'ಮಳೆ ಬರುತ್ತದೆ, ಕೊಡೆಯನ್ನು ತೆಗೆದುಕೊಂಡು ಹೋಗು' ಅಂತ ಮನೆಯಲ್ಲಿ ಯಾರಾದರೂ ಹೇಳಿದರೆ ನಾಟಕದ ಮಾತು ಅನಿಸುತ್ತದೆ. ಇಂಗ್ಲಿಷಿನವರಿಗೆ 'ಐ ಯಾಮ್ ಕಮಿಂಗ್' ಅಂತ ಬಿಡಿಸಿ ಹೇಳಿದರೆ ಸ್ವಲ್ಪ ಹಾಗೇ ಕೇಳಿಸುತ್ತದೆ. ಅವರು 'ಐಮ್ ಕಮಿಂಗ್' ಅಂದುಬಿಡುತ್ತಾರೆ. 'ಇಟ್ ಈಸ್' ಹೋಗಿ 'ಇಟ್ಸ್', 'ವಿ ವಿಲ್' ಹೋಗಿ 'ವೀಲ್', 'ಐ ಹ್ಯಾವ್' ಹೋಗಿ 'ಐವ್'. ಬರೆಯುವಾಗ ಬಿಟ್ಟ ಅಕ್ಷರದ ಜಾಗದಲ್ಲಿ ಮೇಲೊಂದು ಪುಟ್ಟ ಗುರುತು ಹಾಕುತ್ತಾರೆ, ಅದೇ ಅಪಾಸ್ಟ್ರಫಿ. ಇವುಗಳಲ್ಲಿ ಒಂದೆರಡು ಕಿವಿ ತಪ್ಪಿದರೂ ಮಾತಿನ ಅರ್ಥ ಕೆಡುವುದು ಕಡಿಮೆ.

ಕೆಡುವುದು 'ನಾಟ್' ಸೇರಿದ ಕಡೆ. ಅಲ್ಲಿ ಒಂದು ಸಣ್ಣ ಸದ್ದು ತಪ್ಪಿದರೆ ಹೌದು ಹೋಗಿ ಅಲ್ಲ ಆಗುತ್ತದೆ.

ನನ್ನ ಮಗನಿಗೆ ರಕ್ತ ಕಡಿಮೆ ಇದೆ ಅಂತ ಕಬ್ಬಿಣಾಂಶದ ಟಾನಿಕ್ ಬರೆದುಕೊಟ್ಟಿದ್ದರು. ಔಷಧಿ ಅಂಗಡಿಯಲ್ಲಿ ಗಡಿಬಿಡಿಯಲ್ಲಿ 'ಯು ಕ್ಯಾಂಟ್ ಗಿವ್ ಇಟ್ ವಿತ್ ಮಿಲ್ಕ್' ಅಂದರು. ನನಗೆ ಕೇಳಿಸಿದ್ದು 'ಕ್ಯಾನ್', ಅಂದರೆ ಕೊಡಬಹುದು. ಒಂದು ವಾರ ದಿನಾ ಬೆಳಿಗ್ಗೆ ಹಾಲಿನ ಜೊತೆಗೇ ಕೊಟ್ಟೆ. ಹಾಲಿನ ಜೊತೆ ಕೊಟ್ಟರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ ಅಂತ ಆಮೇಲೆ ಡಾಕ್ಟರೇ ಬಿಡಿಸಿ ಹೇಳಿದರು. ಮಗುವಿಗೆ ಏನೂ ಆಗಲಿಲ್ಲ. ಆದರೆ ಆ ವಾರ ನೆನೆದರೆ ಇವತ್ತಿಗೂ ಹೊಟ್ಟೆ ಚುರುಕ್ ಅನ್ನುತ್ತದೆ.

ಈ ಎರಡರ ಫರಕು ಕೊನೆಯ 'ಟ್'ನಲ್ಲಿ ಮಾತ್ರ ಇಲ್ಲ. 'ಕ್ಯಾನ್' ಅನ್ನುವಾಗ ಅವರು ಅದನ್ನು ನುಂಗಿ, 'ಯು ಕನ್ ಗಿವ್' ಅಂತ ಓಡಿಸುತ್ತಾರೆ. ಒತ್ತು ಮುಂದಿನ ಮಾತಿನ ಮೇಲೆ. 'ಕಾಂಟ್' ಅಥವಾ 'ಕ್ಯಾಂಟ್' ಅನ್ನುವಾಗ ಅದರ ಮೇಲೇ ಒತ್ತು ಕೊಟ್ಟು ನಿಲ್ಲುತ್ತಾರೆ. ಆ ಒತ್ತನ್ನು ಹಿಡಿಯಿರಿ. ಅನುಮಾನ ಬಂದರೆ ನಾಚಿಕೆ ಬೇಡ, 'ಸೋ, ನಾಟ್ ವಿತ್ ಮಿಲ್ಕ್?' ಅಂತ ಬಿಡಿಸಿ ಕೇಳಿ. ನೀವೇ ಹೇಳುವಾಗಲೂ ಔಷಧಿ, ಹಣ, ಮಕ್ಕಳ ವಿಷಯದಲ್ಲಿ 'ಕ್ಯಾನಾಟ್', 'ಡು ನಾಟ್' ಅಂತ ಪೂರ್ತಿ ಹೇಳಿ. ಫೋನಿನಲ್ಲಂತೂ ಹಾಗೇ ಹೇಳಬೇಕು.

ನಮ್ಮವರಿಗೆ ಜಾಸ್ತಿ ತೊಡಕು ಕೊಡುವುದು 'ವಾಂಟ್' ಮತ್ತು 'ವೋಂಟ್'. ಒಂದು ಬೇಕು, ಇನ್ನೊಂದು 'ವಿಲ್ ನಾಟ್' ಗಿಡ್ಡ ಆದದ್ದು, ಅಂದರೆ ಒಲ್ಲೆ. ಮಾರ್ಕೆಟ್‌ಗೆ ಹೊರಟ ಪಕ್ಕದ ಮನೆಯವರು ಮೀನು ತರಬೇಕಾ ಅಂತ ಕೇಳಿದರೆ 'ಐ ವಾಂಟ್ ಬಂಗಡೆ' ಅನ್ನಬೇಕು. ತಿನ್ನದವರಾದರೆ 'ಐ ವೋಂಟ್ ಈಟ್ ಬಂಗಡೆ'. ಇಲ್ಲೊಂದು ಗುರುತು ಇದೆ. 'ವೋಂಟ್' ಆದ ಕೂಡಲೇ ಕೆಲಸದ ಮಾತು ಬರುತ್ತದೆ: ವೋಂಟ್ ಈಟ್, ವೋಂಟ್ ಗೋ. 'ವಾಂಟ್' ಆದ ಮೇಲೆ ವಸ್ತು ಬರುತ್ತದೆ, ಇಲ್ಲವೇ ನಡುವೆ 'ಟು' ಬರುತ್ತದೆ: ವಾಂಟ್ ಟು ಈಟ್. ಬಾಯಿ ದುಂಡಗೆ ಮಾಡಿ 'ವೋ' ಅನ್ನುವುದನ್ನು ಮನೆಯಲ್ಲಿ ನಾಲ್ಕು ಸಲ ಹೇಳಿ ನೋಡಿ.

ಇನ್ನೊಂದು ತಪ್ಪು ಮಕ್ಕಳೂ ಮಾಡುತ್ತಾರೆ. 'ಆರ್ ಯು ರೆಡಿ?' ಅಂದರೆ 'ಯೆಸ್, ಐಮ್' ಅನ್ನುವಂತಿಲ್ಲ. ಮಾತು ಅಲ್ಲಿಗೇ ಮುಗಿದರೆ 'ಯೆಸ್, ಐ ಯಾಮ್' ಅಂತ ಪೂರ್ತಿ ಬರಬೇಕು. 'ಡು ಯು ನೋ?' ಅಂದರೆ 'ನೋ, ಐ ಡೋಂಟ್' ಅನ್ನುವುದಕ್ಕೆ ಅಡ್ಡಿ ಇಲ್ಲ, 'ನಾಟ್' ಸೇರಿದ್ದು ಕೊನೆಯಲ್ಲೂ ನಿಲ್ಲುತ್ತದೆ.

ಶಾಲೆಗೆ ರಜಾ ಚೀಟಿ, ಬ್ಯಾಂಕಿಗೆ ಅರ್ಜಿ ಬರೆಯುವಾಗ ಈ ಗಿಡ್ಡ ರೂಪ ಬೇಡ. ವಾಟ್ಸಾಪ್‌ನಲ್ಲಿ ಧಾರಾಳವಾಗಿ ಬರೆಯಿರಿ. ಶಾಲೆಯಿಂದ ಬಂದ ನೋಟಿಸೋ ಔಷಧಿ ಚೀಟಿಯೋ ಅರ್ಥವಾಗದಿದ್ದರೆ ಸಂಘಕ್ಕೆ ತನ್ನಿ, ಕೂತು ಒಟ್ಟಿಗೆ ಓದೋಣ.